ಅಂಗಾಲಿನ ಒಂದು ಗಂಟೆ

ಗಾಜಿನ ಪೆಟ್ಟಿಗೆ ಒಂದು ಮೊಳ ಅಗಲವೂ ಇಲ್ಲ. ಹಿಂದೆ ಒಂದು ಕನ್ನಡಿ ಓರೆಯಾಗಿ ನಿಂತಿದೆ. ಇಲಿ ಬೆನ್ನು ತಿರುಗಿಸಿ ಕೂತರೂ ಅದರ ಕಾಲು ನಮಗೆ ಕಾಣಬೇಕು. ಬೆಳಗಿನ ಹತ್ತು ಗಂಟೆಯ ಹೊತ್ತು. ಪ್ರಾಣಿಮನೆಯ ಕಡೆಯಿಂದ ಭತ್ತದ ಹೊಟ್ಟಿನ ವಾಸನೆ, ಅದರೊಳಗೆ ಬೆರೆತ ಮೂತ್ರದ ಘಾಟು. ಇನ್ನೂರು ಗ್ರಾಂ ತೂಗುವ ಬಿಳಿ ಇಲಿ ಪೆಟ್ಟಿಗೆಯ ನಾಲ್ಕೂ ಮೂಲೆ ಮೂಸಿ ನೋಡಿದೆ, ಮೀಸೆ ಆಡಿಸಿದೆ, ಮುಂಗಾಲಿನಿಂದ ಮುಖ ಒರೆಸಿಕೊಂಡಿದೆ. ಜಾಗ ಒಗ್ಗಲಿ ಎಂದು ಅರ್ಧ ಗಂಟೆ ಹಾಗೇ ಬಿಟ್ಟಿದ್ದೇವೆ.

ಆಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು, ಬಲ ಹಿಂಗಾಲಿನ ಚರ್ಮದಡಿಗೆ ನೀರು ಬೆರೆಸಿದ ಫಾರ್ಮಲಿನ್ ಚುಚ್ಚುತ್ತಾರೆ. ಒಂದು ಸಣ್ಣ ಹನಿಯಷ್ಟು, 50 ಮೈಕ್ರೋಲೀಟರ್. ಸತ್ತ ಪ್ರಾಣಿಗಳನ್ನು ಕೆಡದಂತೆ ಜಾಡಿಯಲ್ಲಿಡುವ ಅದೇ ಫಾರ್ಮಲಿನ್. ಇಲಿಯನ್ನು ಪೆಟ್ಟಿಗೆಗೆ ಬಿಟ್ಟ ಕ್ಷಣದಿಂದ ಗಡಿಯಾರ ಓಡುತ್ತದೆ.

ಮೊದಲ ಐದು ನಿಮಿಷ ಅದು ಆ ಕಾಲನ್ನು ನೆಲಕ್ಕೆ ಇಡುವುದೇ ಇಲ್ಲ. ಎತ್ತಿ ಹಿಡಿಯುತ್ತದೆ, ಕೊಡವುತ್ತದೆ, ಬಾಗಿ ನೆಕ್ಕುತ್ತದೆ, ಮತ್ತೆ ಕೊಡವುತ್ತದೆ. ಹತ್ತನೇ ನಿಮಿಷದ ಹೊತ್ತಿಗೆ ಸುಮ್ಮನಾಗುತ್ತದೆ. ನೋಡುವವನಿಗೆ ನೋವು ಹೋಯಿತು ಅನ್ನಿಸಬೇಕು, ಹಾಗೆ ಕೂತಿರುತ್ತದೆ. ಹದಿನೈದು, ಇಪ್ಪತ್ತು ನಿಮಿಷ ಆಗುತ್ತಿದ್ದಂತೆ ಎರಡನೇ ಅಲೆ ಏಳುತ್ತದೆ. ಈ ಸಲ ಅದು ಬೇಗ ಇಳಿಯುವುದಿಲ್ಲ. ಗಂಟೆ ತುಂಬುವವರೆಗೂ ಕಾಲು ಅದುರುತ್ತಲೇ ಇರುತ್ತದೆ.

ನನ್ನ ಕೆಲಸ ಎಣಿಸುವುದು. ಎಡಗೈಯಲ್ಲಿ ಒತ್ತಿದರೆ ಅಂಕಿ ಏರುವ ಪುಟ್ಟ ಯಂತ್ರ, ಬಲಗೈಯಲ್ಲಿ ಪೆನ್ಸಿಲು. ಒಂದು ಕೊಡವಿಗೆ ಒಂದು ಒತ್ತು. ಫಾರ್ಮಸಿ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ ಓದುತ್ತಿದ್ದ ದಿನಗಳು ಅವು. ನೋವಿಗೆ ಅಂಕಿ ಇಡುವುದು ಹೇಗೆಂದು ನಾನು ಕಲಿತದ್ದು ಆ ಕನ್ನಡಿಯ ಮುಂದೆ.

ಈ ಪರೀಕ್ಷೆ ರೂಪುಗೊಂಡದ್ದು ಕೆನಡಾದಲ್ಲಿ. ಡುಬಿಸಾನ್ ಮತ್ತು ಡೆನಿಸ್ ಎಂಬಿಬ್ಬರು 1977ರಲ್ಲಿ ಇಲಿ ಮತ್ತು ಬೆಕ್ಕುಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಇದನ್ನು ವಿವರಿಸಿದರು. ಅವರು ಕೊಟ್ಟದ್ದು ಸೊನ್ನೆಯಿಂದ ಮೂರರವರೆಗಿನ ಅಂಕ. ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಂತರೆ ಸೊನ್ನೆ. ನೋಯುವ ಕಾಲನ್ನು ಮೆಲ್ಲಗೆ ಊರಿ ಕುಂಟಿದರೆ ಒಂದು. ಎತ್ತಿ ಹಿಡಿದರೆ ಎರಡು. ನೆಕ್ಕಿದರೆ, ಕಚ್ಚಿದರೆ, ಕೊಡವಿದರೆ ಮೂರು. ಮೊದಲ ಐದು ನಿಮಿಷದ ನೋವು ಫಾರ್ಮಲಿನ್ ನೇರವಾಗಿ ನರದ ತುದಿಗೆ ತಾಗಿದ್ದರಿಂದ ಆದದ್ದು. ಸಾಸಿವೆ ಅರೆಯುವಾಗ ಮೂಗಿಗೆ ಹೊಡೆಯುವ ಘಾಟು ಯಾವ ಬಾಗಿಲನ್ನು ತಟ್ಟುತ್ತದೋ, ಫಾರ್ಮಲಿನ್ ಕೂಡ ತಟ್ಟುವುದು ನರದ ಅದೇ ಬಾಗಿಲನ್ನು. ಇದು ಗೊತ್ತಾದದ್ದು 2007ರಲ್ಲಿ. ಎರಡನೇ ಅಲೆ ಬೇರೆ. ಅಷ್ಟರಲ್ಲಿ ಪಾದ ಊದಿಕೊಂಡಿರುತ್ತದೆ, ಬೆನ್ನುಹುರಿಯೇ ಸೂಕ್ಷ್ಮವಾಗಿಬಿಟ್ಟಿರುತ್ತದೆ. ವಾರ, ತಿಂಗಳು, ವರ್ಷ ಎಳೆಯುವ ನೋವಿಗೆ ಸ್ವಲ್ಪವಾದರೂ ಹತ್ತಿರದ್ದು ಈ ಎರಡನೆಯದು. ಆದ್ದರಿಂದ ಹೊಸ ನೋವಿನ ಮದ್ದು ಬಂದರೆ ಎಲ್ಲರ ಕಣ್ಣೂ ಹದಿನೈದನೇ ನಿಮಿಷದ ಮೇಲೆ.

ಆಗ ನಾನು ಎಣಿಸಿದ್ದು ಪರೀಕ್ಷೆ ಪಾಸಾಗಲು. ಅದರ ಅರ್ಥ ತಿಳಿದದ್ದು ಬಹಳ ಕಾಲದ ಮೇಲೆ, ಅಮ್ಮನಿಗೆ ಸರ್ಪಸುತ್ತು ಆದಾಗ.

ಎಡಪಕ್ಕೆಯಲ್ಲಿ ಬೆನ್ನಿನಿಂದ ಹೊಟ್ಟೆಯವರೆಗೆ ಬೊಬ್ಬೆಗಳ ಪಟ್ಟಿ ಎದ್ದಿತ್ತು. ಊರಿನಲ್ಲಿ ಯಾರೋ ಕೆಮ್ಮಣ್ಣು ಕಲಸಿ ಹಚ್ಚಿದರು. ಹಾವಿನ ತಲೆ ಬಾಲ ಕೂಡಿದರೆ ಉಳಿಯುವುದಿಲ್ಲ ಎಂದು ಹೆದರಿಸಿದವರೂ ಇದ್ದರು. ಆಸ್ಪತ್ರೆಗೆ ಹೋದದ್ದು ತಡವಾಯಿತು. ಬೊಬ್ಬೆ ಒಣಗಿ ಚರ್ಮ ಮಾಸಿದ ಮೇಲೂ ಉರಿ ಹೋಗಲಿಲ್ಲ. ಸೀರೆಯ ಸೆರಗು ತಾಗಿದರೆ ಬೆಚ್ಚುತ್ತಿದ್ದರು. ಫ್ಯಾನಿನ ಗಾಳಿ ಬೇಡ, ಕುಪ್ಪಸದ ಅಂಚು ಬೇಡ. ರಾತ್ರಿ ಎದ್ದು ಕೂತು ಪಕ್ಕೆಯನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು, ಮುಟ್ಟದಂತೆ, ಒಂದು ಅಂಗುಲ ದೂರದಲ್ಲಿ.

ಡಾಕ್ಟರು ಬರೆದುಕೊಟ್ಟದ್ದು ಅಮಿಟ್ರಿಪ್ಟಿಲಿನ್, 10 ಮಿಲಿಗ್ರಾಂ, ರಾತ್ರಿ ಮಲಗುವ ಮುಂಚೆ. ಮಾತ್ರೆ ತರಲು ಅಮ್ಮನೂ ಜೊತೆಗೆ ಬಂದಿದ್ದರು. ಔಷಧದಂಗಡಿಯ ಹುಡುಗ ಚೀಟಿ ನೋಡಿ, "ಇದು ಮಾನಸಿಕದ್ದಲ್ವಾ ಸರ್, ಯಾರಿಗೆ?" ಎಂದ. ಅವನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು ಜಗಲಿಯ ಮೇಲೆ ಕೂತು ಕೇಳಿದರು: "ನನಗೇನು ತಲೆ ಕೆಟ್ಟಿದೆಯೇನೋ ಮಗಾ? ಇಲ್ಲದ ನೋವನ್ನ ಇದೆ ಅಂತೀನಾ ನಾನು?"

ನಾನು ಔಷಧಶಾಸ್ತ್ರ ಓದಿದವನು. ಆ ಕ್ಷಣ ಒಂದು ನೇರ ಉತ್ತರ ಬಾಯಿಗೆ ಬರಲಿಲ್ಲ. ಆ ಉತ್ತರ ಹುಡುಕುತ್ತಾ ಹೋದವನು ಮತ್ತೆ ಬಂದು ನಿಂತದ್ದು ಇಲಿಯ ಪಾದದ ಮುಂದೆಯೇ.

ಅಮಿಟ್ರಿಪ್ಟಿಲಿನ್ ಮೊದಲು ಬಂದದ್ದು ಖಿನ್ನತೆಯ ಮದ್ದಾಗಿ. ಈ ಜಾತಿಯ ಮದ್ದುಗಳ ಕತೆ ಶುರುವಾಗುವುದು ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್ಲಿಂಗೆನ್ ಎಂಬ ಸರೋವರದ ದಡದ ಊರಿನ ಮನೋರೋಗಿಗಳ ಆಸ್ಪತ್ರೆಯಲ್ಲಿ. ರೋಲಾಂಡ್ ಕೂನ್ ಎಂಬ ವೈದ್ಯರು ಅಲ್ಲಿ 1956ರಲ್ಲಿ ಗೈಗಿ ಕಂಪನಿಯ ಒಂದು ಹೊಸ ರಾಸಾಯನಿಕವನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಕುಗ್ಗಿ ಕೂತವರು ಎದ್ದು ಮಾತಾಡತೊಡಗಿದರು. ಅದೇ ಇಮಿಪ್ರಮಿನ್. ಅದರ ಹಿಂದೆಯೇ ಬಂದದ್ದು ಅಮಿಟ್ರಿಪ್ಟಿಲಿನ್. ಅಮೆರಿಕದಲ್ಲಿ 1961ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದಕ್ಕೂ ಮುಂಚೆ, 1960ರಲ್ಲೇ, ಫ್ರಾನ್ಸಿನ ವೈದ್ಯರು ಇಮಿಪ್ರಮಿನ್ ಅನ್ನು ನೋವಿಗೆ ಕೊಟ್ಟು ಫಲ ಕಂಡಿದ್ದರು. ಮನಸ್ಸು ಹಗುರಾದರೆ ನೋವೂ ಹಗುರ ಎಂದು ಆಗ ಅರ್ಥ ಮಾಡಿಕೊಂಡವರೇ ಹೆಚ್ಚು.

ಅಮ್ಮನಿಗೆ ನಾನು ಹೇಳಬೇಕಾಗಿದ್ದ ಉತ್ತರ 1982ರಲ್ಲೇ ಸಿಕ್ಕಿತ್ತು. ಕೆನಡಾದ ಟೊರಾಂಟೊದಲ್ಲಿ ಪೀಟರ್ ವಾಟ್ಸನ್ ಎಂಬ ನರರೋಗ ತಜ್ಞರು ಸರ್ಪಸುತ್ತಿನ ನಂತರದ ನೋವಿನಿಂದ ನರಳುತ್ತಿದ್ದ 24 ಜನರಿಗೆ ಅಮಿಟ್ರಿಪ್ಟಿಲಿನ್ ಕೊಟ್ಟರು. ಹುಸಿಮಾತ್ರೆಯ ಜೊತೆ ಹೋಲಿಸಿದರು. 16 ಮಂದಿಗೆ ಒಳ್ಳೆಯ ಫಲ ಸಿಕ್ಕಿತು. ಅವರಲ್ಲಿ ಹೆಚ್ಚಿನವರಿಗೆ ಖಿನ್ನತೆ ಇರಲೇ ಇಲ್ಲ. ಖಿನ್ನತೆಯ ಅಳತೆಯಲ್ಲಿ ಏನೂ ಬದಲಾಗದೆ ನೋವು ಮಾತ್ರ ಇಳಿಯಿತು. ಅಂದರೆ ಈ ಮಾತ್ರೆ ಅವರ ಮನಸ್ಸನ್ನು ಸರಿಮಾಡಿ ನೋವು ಕಳೆದದ್ದಲ್ಲ. ನೋವಿನ ದಾರಿಯಲ್ಲೇ ಎಲ್ಲೋ ನಿಂತು ಅದನ್ನು ತಡೆದಿತ್ತು.

ಎಲ್ಲಿ ನಿಂತು? ಮಿದುಳಿನಲ್ಲೇ? ಬೆನ್ನುಹುರಿಯಲ್ಲೇ? ನೋಯುವ ಚರ್ಮದಲ್ಲೇ?

ಅಟ್ಲಾಂಟಿಕ್ ಸಾಗರದ ಅಂಚಿನ ಹ್ಯಾಲಿಫ್ಯಾಕ್ಸ್ ಬಂದರು ಪಟ್ಟಣದಲ್ಲಿ ಡಾಲ್‌ಹೌಸಿ ವಿಶ್ವವಿದ್ಯಾಲಯವಿದೆ. ಅಲ್ಲಿನ ಔಷಧಶಾಸ್ತ್ರ ವಿಭಾಗದ ಜಾನಾ ಸಾವಿನೋಕ್ ಮತ್ತು ಅವರ ಸಂಗಡಿಗರು ಈ ಪ್ರಶ್ನೆಯನ್ನು ಇಲಿಯ ಪಾದಕ್ಕೇ ಕೇಳಿದರು. 1999ರಲ್ಲಿ ಪ್ರಕಟವಾದ ಅವರ ಪ್ರಯೋಗದ ಸರಳತೆ ನನಗೆ ಇವತ್ತಿಗೂ ಬೆರಗು. ಫಾರ್ಮಲಿನ್ ಜೊತೆಗೇ ಅಮಿಟ್ರಿಪ್ಟಿಲಿನ್ ಅನ್ನೂ ಬೆರೆಸಿ ಅದೇ ಪಾದಕ್ಕೆ ಚುಚ್ಚಿದರು. ಹೊಟ್ಟೆಗೆ ಕೊಟ್ಟಿಲ್ಲ, ರಕ್ತಕ್ಕೆ ಕೊಟ್ಟಿಲ್ಲ, ಮಿದುಳಿನ ಮಾತೇ ಇಲ್ಲ. ಕಾಲು ಕೊಡವುವುದು ಇಳಿಯಿತು. ಮುಂದಿನದು ಇನ್ನೂ ಮುಖ್ಯ. ಮದ್ದು ರಕ್ತ ಸೇರಿ ಮಿದುಳಿಗೆ ಹೋಗಿ ಕೆಲಸ ಮಾಡಿರಬಹುದಲ್ಲ ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೇ ಅವರು ಅಷ್ಟೇ ಮದ್ದನ್ನು ಆಚೆ ಕಾಲಿಗೆ, ನೋವಿಲ್ಲದ ಕಾಲಿಗೆ ಚುಚ್ಚಿ ನೋಡಿದರು. ಈಚೆ ಕಾಲಿನ ನೋವು ಇಳಿಯಲಿಲ್ಲ. ಮದ್ದು ಎಲ್ಲಿ ಬಿದ್ದಿತೋ ಅಲ್ಲೇ ಅದರ ಕೆಲಸ.

ಹೀಗೆ ಅಮ್ಮನ ಪ್ರಶ್ನೆಗೆ ಉತ್ತರ ಕೊಟ್ಟದ್ದು ಒಂದು ಇಲಿಯ ಎರಡು ಹಿಂಗಾಲು. ಖಿನ್ನತೆಯ ಮದ್ದೆಂದು ಹೆಸರಾದದ್ದು, ಖಿನ್ನತೆ ಎಂಬುದೇ ಇಲ್ಲದ ಜಾಗದಲ್ಲಿ, ಅಂಗಾಲಿನ ಚರ್ಮದಲ್ಲಿ, ನೋವು ಇಳಿಸುತ್ತದೆ. ಆ ಮಾತ್ರೆ ಬರೆದುಕೊಟ್ಟರು ಎಂದಾಕ್ಷಣ ನೋವು ಕಲ್ಪನೆಯದ್ದು ಎಂದು ಯಾರೂ ಹೇಳಲಾರರು.

ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಓದುವಾಗ ನನ್ನ ಕೈಯಲ್ಲಿ ಕಾಫಿ ಲೋಟವಿತ್ತು. ಅಮಿಟ್ರಿಪ್ಟಿಲಿನ್ ಜೊತೆಗೆ ಕೆಫೀನ್ ಅನ್ನೂ ಅದೇ ಪಾದಕ್ಕೆ ಕೊಟ್ಟಾಗ ಮದ್ದಿನ ಗುಣ ಕುಗ್ಗಿತು. ಅದಕ್ಕೆ ಕಾರಣ ಅಡೆನೋಸಿನ್ ಎಂಬ ವಸ್ತು. ಅದು ನಮ್ಮ ಅಂಗಾಂಶಗಳಲ್ಲೇ ಹುಟ್ಟುತ್ತದೆ. ನರದ ತುದಿಯಲ್ಲಿ ಕೂತು ನೋವಿನ ಕೂಗನ್ನು ತಗ್ಗಿಸುತ್ತದೆ. ಅದು ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಜೀವಕೋಶಗಳು ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಅಮಿಟ್ರಿಪ್ಟಿಲಿನ್ ಆ ಎಳೆತವನ್ನು ತಡೆಯುತ್ತದೆ. ಅಡೆನೋಸಿನ್ ಹೊರಗೇ ಹೆಚ್ಚು ಹೊತ್ತು ಉಳಿಯುತ್ತದೆ. ಸಾವಿನೋಕ್ ತಂಡ ಆಮೇಲೆ, 2005ರಲ್ಲಿ, ಇಲಿಯ ಪಾದದೊಳಗೆ ಎಳೆಯಂಥ ಕೊಳವೆ ಇಟ್ಟು, ಅಲ್ಲಿಂದ ದ್ರವ ತೆಗೆದು ಅಳೆದು ಇದನ್ನು ತೋರಿಸಿತು. ಇನ್ನು ಕೆಫೀನ್: ಅಡೆನೋಸಿನ್ ಕೂರಬೇಕಾದ ಪೀಠದಲ್ಲಿ ತಾನೇ ಹೋಗಿ ಕೂತುಬಿಡುವುದು ಅದರ ಸ್ವಭಾವ. ಬೆಳಗ್ಗೆ ಕಾಫಿ ಕುಡಿದರೆ ತೂಕಡಿಕೆ ಹೋಗುವುದೂ ಇದೇ ಕಾರಣಕ್ಕೆ. ನರಕ್ಕೆ ಪೆಟ್ಟಾದ ಇಲಿಗಳಲ್ಲಿ ಕೂಡ ಕೆಫೀನ್ ಈ ಮದ್ದಿನ ಗುಣಕ್ಕೆ ಅಡ್ಡ ಬಂತೆಂದು ಅದೇ ತಂಡ 2000ದಲ್ಲಿ ವರದಿ ಮಾಡಿತು.

ಅಮ್ಮ ಹಾಸನದ ಕಡೆಯವರು. ಬೆಳಗ್ಗೆ ಡಿಕಾಕ್ಷನ್ ಇಳಿಯುವ ಸದ್ದಿಗೆ ಏಳುವವರು. ದಿನಕ್ಕೆ ಮೂರು ಸಲ ಹಿತ್ತಾಳೆ ಲೋಟ ಬಟ್ಟಲಿನಲ್ಲಿ ಕಾಫಿ ಆಗಬೇಕು. ನಾನು ಓದಿದ್ದನ್ನು ಅವರಿಗೆ ಹೇಳಲಿಲ್ಲ. ಅದು ಇಲಿಯ ಪಾದದ ಮಾತು. ಮನುಷ್ಯರಿಗೆ ಕಾಫಿ ಬಿಡಿ ಎಂದು ಹೇಳುವಷ್ಟು ಪುರಾವೆ ಅದಲ್ಲ. ಉರಿಯ ನಡುವೆ ಉಳಿದಿದ್ದ ಒಂದೇ ಸುಖವನ್ನು ಕಿತ್ತುಕೊಳ್ಳುವುದು ಸರಿಯಲ್ಲ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಮದ್ದನ್ನು ನೋಯುವ ಜಾಗಕ್ಕೇ ಕೊಡಬೇಕು ಎಂಬ ಆಸೆಗೆ ಇನ್ನೊಂದು ಕಾರಣವನ್ನು ನಾನು ಮನೆಯಲ್ಲೇ ಕಂಡೆ. ಮಾತ್ರೆ ನುಂಗಿದ ನಾಲ್ಕನೇ ದಿನಕ್ಕೆ ಅಮ್ಮನ ಬಾಯಿ ಒಣಗತೊಡಗಿತು. ಮುದ್ದೆ ಗಂಟಲಲ್ಲಿ ಇಳಿಯದು. ಬೆಳಗ್ಗೆ ಎದ್ದರೆ ತಲೆ ಭಾರ, ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯಬೇಕು. ಮಲಬದ್ಧತೆ ಬೇರೆ. ವಯಸ್ಸಾದವರಲ್ಲಿ ಈ ಮದ್ದು ಕೊಡುವ ತೊಂದರೆಗಳು ಇವೇ. ಮೂತ್ರ ಕಟ್ಟುವುದು, ಬಿದ್ದು ಮೂಳೆ ಮುರಿಯುವುದು ಕೂಡ ಸೇರಿ. ಪಕ್ಕೆಯ ಒಂದು ಗೇಣು ಚರ್ಮ ಉರಿಯುತ್ತದೆಂದು ಇಡೀ ಮೈ ಬೆಲೆ ತೆರುತ್ತದೆ. ಆ ಒಂದು ಗೇಣಿಗೆ ಮಾತ್ರ ಹಚ್ಚುವಂತಿದ್ದರೆ!

ಹ್ಯಾಲಿಫ್ಯಾಕ್ಸ್‌ನ ಇಲಿಗಳು ಆ ಆಸೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದವು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ನರಕ್ಕೆ ಪೆಟ್ಟಾದ ಇಲಿಯನ್ನು ತಂತಿಯ ಬಲೆಯ ಮೇಲೆ ನಿಲ್ಲಿಸುತ್ತಾರೆ. ಕೆಳಗಿನಿಂದ ಒಂದು ನೈಲಾನ್ ಎಳೆಯನ್ನು ಬಲೆಯ ಕಂಡಿಯೊಳಗಿಂದ ತೂರಿಸಿ ಪಾದದ ನಡುಭಾಗಕ್ಕೆ ತಾಗಿಸಿ, ಎಳೆ ಬಾಗುವವರೆಗೆ ಒತ್ತುತ್ತಾರೆ. ಒಂದಕ್ಕಿಂತ ಒಂದು ದಪ್ಪನೆಯ ಎಳೆಗಳ ಒಂದು ಕಟ್ಟೇ ಇರುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೈ ಇದನ್ನು ಕುದುರೆಯ ಕೂದಲಿನಿಂದ ಶುರು ಮಾಡಿದರು. ಇವತ್ತಿಗೂ ಅವರದೇ ಹೆಸರು. ಆರೋಗ್ಯವಾಗಿರುವ ಇಲಿ ತೆಳ್ಳನೆಯ ಎಳೆಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನರ ಕೆಟ್ಟ ಇಲಿ ಅದಕ್ಕೇ ಕಾಲು ಕಿತ್ತುಕೊಳ್ಳುತ್ತದೆ. ಸೆರಗು ತಾಗಿದರೆ ಬೆಚ್ಚುವ ನೋವು ಇದೇ. ಇನ್ನೊಂದು ಪರೀಕ್ಷೆಯಲ್ಲಿ ಗಾಜಿನ ಕೆಳಗಿನಿಂದ ಬೆಳಕಿನ ಶಾಖವನ್ನು ಪಾದದ ಮೇಲೆ ಬಿಟ್ಟು, ಎಷ್ಟು ಸೆಕೆಂಡಿಗೆ ಕಾಲು ತೆಗೆಯುತ್ತದೆ ಎಂದು ನೋಡುತ್ತಾರೆ.

ಸಾವಿನೋಕ್ ತಂಡದ ಇಲಿಗಳಲ್ಲಿ ಅಮಿಟ್ರಿಪ್ಟಿಲಿನ್ ಶಾಖದ ನೋವನ್ನು ಇಳಿಸಿತು. ಸ್ಪರ್ಶದ ನೋವನ್ನು ಇಳಿಸಲಿಲ್ಲ. ಎಳೆ ತಾಗಿದಾಗ ಕಾಲು ಹಿಂದಿನಂತೆಯೇ ಎಗರಿತು. ಒಂದೇ ಪಾದ, ಒಂದೇ ಮದ್ದು, ಎರಡು ಉತ್ತರ. ಇದನ್ನು ಓದಿದ ದಿನ ನನಗೆ ನೆನಪಾದದ್ದು ಅಮ್ಮನ ಪಕ್ಕೆಯಿಂದ ಒಂದು ಅಂಗುಲ ದೂರದಲ್ಲಿ ತೂಗುತ್ತಿದ್ದ ಆ ಅಂಗೈ.

ಇದೇ ಹೊತ್ತಿಗೆ ಅಮೆರಿಕದ ಬಾಸ್ಟನ್‌ನಲ್ಲಿ ಪೀಟರ್ ಗರ್ನರ್, ಗಿಂಗ್ ಕುವೊ ವಾಂಗ್ ಮೊದಲಾದವರು ಅಮಿಟ್ರಿಪ್ಟಿಲಿನ್‌ನ ಇನ್ನೊಂದು ಮುಖ ನೋಡುತ್ತಿದ್ದರು. ನರದಲ್ಲಿ ಸಂದೇಶ ಹರಿಯುವುದು ಸೋಡಿಯಂ ಒಳನುಗ್ಗುವ ಪುಟ್ಟ ಬಾಗಿಲುಗಳ ಮೂಲಕ. ಹಲ್ಲು ಕೀಳುವ ಮುಂಚೆ ಡಾಕ್ಟರು ಕೊಡುವ ಜೋಮಿನ ಇಂಜೆಕ್ಷನ್ ಮಾಡುವುದು ಆ ಬಾಗಿಲು ಮುಚ್ಚುವ ಕೆಲಸವನ್ನೇ. ಅಮಿಟ್ರಿಪ್ಟಿಲಿನ್ ಕೂಡ ಅದನ್ನೇ ಮಾಡುತ್ತದೆ. ಅದರಲ್ಲೂ ಮತ್ತೆ ಮತ್ತೆ ಕೂಗುತ್ತಿರುವ ನರದ ಬಾಗಿಲನ್ನು ಹೆಚ್ಚು ಬಿಗಿಯಾಗಿ ಮುಚ್ಚುತ್ತದೆ. ಅವರು ಇಲಿಯ ತೊಡೆಯ ಸಯಾಟಿಕ್ ನರದ ಪಕ್ಕಕ್ಕೆ ಅದನ್ನು ಚುಚ್ಚಿ, ಗಂಟೆಗಟ್ಟಲೆ ಕೆಲಸ ಮಾಡುವ ಬ್ಯುಪಿವಕೇನ್ ಎಂಬ ಹೆಸರಾಂತ ಅರಿವಳಿಕೆಯೊಂದಿಗೆ ಹೋಲಿಸಿದರು. ಇಲಿಯನ್ನು ಕೈಯಲ್ಲಿ ಹಿಡಿದು ತೂಕದ ಯಂತ್ರದ ಮೇಲೆ ಅದರ ಕಾಲೂರಿಸಿ, ಎಷ್ಟು ಗ್ರಾಂ ಬಲದಿಂದ ಒದೆಯುತ್ತದೆ ಎಂದು ಅಳೆದರು. ಬೆರಳು ಚಿವುಟಿ, ಕಾಲು ಎಳೆದುಕೊಳ್ಳುತ್ತದೆಯೇ ನೋಡಿದರು. 2001ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ: ಅಮಿಟ್ರಿಪ್ಟಿಲಿನ್ ಕೊಟ್ಟ ಜೋಮು ಬ್ಯುಪಿವಕೇನ್‌ಗಿಂತ ಹೆಚ್ಚು ಹೊತ್ತು ಉಳಿಯಿತು.

ಶಸ್ತ್ರಚಿಕಿತ್ಸೆಯ ನಂತರ ಒಂದು ರಾತ್ರಿ ನಿದ್ದೆ ಬಂದರೆ ಸಾಕು ಎಂದು ಹಂಬಲಿಸುವ ರೋಗಿಯನ್ನು ಕಂಡವರಿಗೆ ಈ ಸುದ್ದಿ ಎಷ್ಟು ದೊಡ್ಡದೆಂದು ಗೊತ್ತು. ಆದರೆ ಮೂರು ವರ್ಷದಲ್ಲಿ, 2004ರಲ್ಲಿ, ಎಸ್ಟೇಬ್ ಮತ್ತು ಮೈಯರ್ಸ್ ಎಂಬಿಬ್ಬರು ಅಮಿಟ್ರಿಪ್ಟಿಲಿನ್ ಹಾಕಿದ ಇಲಿಯ ಸಯಾಟಿಕ್ ನರವನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ನರದೊಳಗೆ ನೀರು ತುಂಬಿ ಊದಿತ್ತು. ತಂತುಗಳ ಮೇಲಿನ ಹೊದಿಕೆ ಕಳಚಿತ್ತು. ಕೆಲವು ತಂತುಗಳು ಸತ್ತೇ ಹೋಗಿದ್ದವು. ಪ್ರಮಾಣ ಏರಿದಷ್ಟೂ ಹಾನಿ ಏರಿತ್ತು. ಅಷ್ಟು ದೀರ್ಘ ಹೊತ್ತಿನ ಜೋಮಿನೊಳಗೆ ನರ ಸಾಯುವುದೂ ಸೇರಿದ್ದಿರಬಹುದು. ಈ ಎರಡನೇ ಪ್ರಯೋಗ ಮಾಡಿದವರಿಗೆ ನಾನು ಮೊದಲನೆಯದಕ್ಕಿಂತ ಹೆಚ್ಚು ಋಣಿ. ಒಳ್ಳೆಯ ಸುದ್ದಿಯನ್ನು ಕೇಳಿದ ಮೇಲೂ ನರವನ್ನು ಬಿಡಿಸಿ ನೋಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ನರದ ಪಕ್ಕಕ್ಕೆ ಚುಚ್ಚುವ ಆಸೆಗೆ ಹೀಗೆ ತಡೆ ಬಿತ್ತು. ಚರ್ಮಕ್ಕೆ ಹಚ್ಚುವ ಆಸೆ ಉಳಿದಿತ್ತು. ಹ್ಯಾಲಿಫ್ಯಾಕ್ಸ್‌ನಲ್ಲೇ ಮೇರಿ ಲಿಂಚ್ ಮತ್ತು ಸಂಗಡಿಗರು ಅಮಿಟ್ರಿಪ್ಟಿಲಿನ್ 2 ಶೇಕಡ, ಕೆಟಮಿನ್ ಎಂಬ ಅರಿವಳಿಕೆ 1 ಶೇಕಡ ಸೇರಿಸಿದ ಕ್ರೀಮ್ ಮಾಡಿ, ನರನೋವಿನ 92 ರೋಗಿಗಳ ಮೇಲೆ ಮೂರು ವಾರ ಪರೀಕ್ಷಿಸಿದರು. 2005ರಲ್ಲಿ ಬಂದ ಫಲಿತಾಂಶ: ಮದ್ದಿನ ಕ್ರೀಮಿಗೂ ಬರೀ ಕ್ರೀಮಿಗೂ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಗುಂಪಿನವರಿಗೂ ಸ್ವಲ್ಪ ಸ್ವಲ್ಪ ಇಳಿದಿತ್ತು. ಪ್ರಮಾಣ ಸಾಲದೇನೋ ಎಂದು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಅದನ್ನು ಇಮ್ಮಡಿಸಿ, 4 ಮತ್ತು 2 ಶೇಕಡ ಮಾಡಿ, ಕ್ಯಾನ್ಸರ್ ಔಷಧದಿಂದ ಕೈಕಾಲು ಉರಿಯುತ್ತಿದ್ದ 462 ಜನರಿಗೆ ಕೊಟ್ಟರು. 2014ರ ವರದಿಯಲ್ಲೂ ಅದೇ ಉತ್ತರ. ಫಲ ಸಿಗಲಿಲ್ಲ.

ಇಲಿ ಸುಳ್ಳು ಹೇಳಿತೇ? ಹಾಗೆ ನಾನು ಒಪ್ಪುವುದಿಲ್ಲ. ಇಲಿಗೆ ಮದ್ದನ್ನು ಸೂಜಿಯಿಂದ ಚರ್ಮದಡಿಗೆ ಇಟ್ಟರು. ಮನುಷ್ಯನ ದಪ್ಪ ಅಂಗಾಲಿಗೆ ಮೇಲಿನಿಂದ ಸವರಿದರು. ಫಾರ್ಮಲಿನ್ ಚುಚ್ಚಿದ ಇಲಿಯ ನೋವಿಗೆ ಒಂದು ಗಂಟೆ ವಯಸ್ಸು. ಆ ರೋಗಿಗಳದ್ದು ತಿಂಗಳು, ವರ್ಷಗಳದ್ದು. ಎಳೆ ತಾಗಿದರೆ ಕಾಲೆಗರುವುದು ನಿಲ್ಲಲಿಲ್ಲ ಎಂದು ಇಲಿ ಮೊದಲೇ ಹೇಳಿತ್ತು. ನಾವು ಶಾಖದ ಉತ್ತರವನ್ನು ಹಿಗ್ಗಿನಿಂದ ಕೇಳಿಸಿಕೊಂಡೆವು, ಸ್ಪರ್ಶದ ಉತ್ತರವನ್ನು ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ.

ಒಂದು ಕಡೆ ಮಾತ್ರ ಈ ದಾರಿ ಸ್ವಲ್ಪ ದೂರ ಸಾಗಿದೆ: ಬಾಯಿಯೊಳಗೆ. ಅಲ್ಲಿ ದಪ್ಪ ಚರ್ಮವಿಲ್ಲ. ಡಾಕ್ಸೆಪಿನ್ ಅಮಿಟ್ರಿಪ್ಟಿಲಿನ್‌ನ ಒಡಹುಟ್ಟಿನಂಥ ಮದ್ದು. ಚರ್ಮದ ತುರಿಕೆಗೆ ಅದರ ಕ್ರೀಮ್ 1990ರ ದಶಕದಿಂದಲೇ ಅಮೆರಿಕದಲ್ಲಿದೆ. ತಲೆ, ಕುತ್ತಿಗೆಯ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವಾಗ ಬಾಯೆಲ್ಲ ಹುಣ್ಣಾಗುತ್ತದೆ. ಎಂಜಲು ನುಂಗುವುದೂ ಶಿಕ್ಷೆ. ಅಂಥ ರೋಗಿಗಳಿಗೆ ಡಾಕ್ಸೆಪಿನ್ ಬೆರೆಸಿದ ನೀರನ್ನು ಬಾಯಿ ಮುಕ್ಕಳಿಸಲು ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು, 275 ರೋಗಿಗಳು. ಮುಕ್ಕಳಿಸಿದ ಮೇಲಿನ ನಾಲ್ಕು ಗಂಟೆಯಲ್ಲಿ ನೋವು ಹುಸಿಮದ್ದಿಗಿಂತ ಹೆಚ್ಚು ಇಳಿಯಿತು. ಆದರೆ ಇಳಿತ ದೊಡ್ಡದಲ್ಲ. ರೋಗಿಗೆ ನಿಜಕ್ಕೂ ಹಿತವೆನಿಸಲು ಇಷ್ಟು ಬೇಕೆಂದು ಅವರೇ ಹಾಕಿಕೊಂಡ ಗೆರೆಯನ್ನು ಅದು ಮುಟ್ಟಲಿಲ್ಲ. ತೂಕಡಿಕೆಯೂ ಬಂತು. ಹೊಗೆಸೊಪ್ಪು, ಗುಟ್ಕಾ ಅಗಿದು ಬಾಯಿ ಕ್ಯಾನ್ಸರ್ ತಂದುಕೊಳ್ಳುವವರು ಇಷ್ಟೊಂದು ಇರುವ ನಮ್ಮ ನಾಡಿಗೆ ಅಷ್ಟು ಸಣ್ಣ ಇಳಿತವೂ ಸುಮ್ಮನೆ ದಾಟಿಹೋಗುವ ಸುದ್ದಿಯಲ್ಲ. ರೇಡಿಯೇಷನ್ ವಾರ್ಡಿನ ಹೊರಗೆ, ಲೋಟದಲ್ಲಿ ಗಂಜಿ ಹಿಡಿದುಕೊಂಡು, ಒಂದು ಗುಟುಕಿಗೆ ಧೈರ್ಯ ಮಾಡುತ್ತಾ ಕೂತವರನ್ನು ನೋಡಿದ್ದೇನೆ. ಅವರಿಗೆ ಊಟದ ಮುಂಚಿನ ಅರ್ಧ ಗಂಟೆಯೇ ಒಂದು ದಿನ.

ಮತ್ತೆ ಆ ಗಾಜಿನ ಪೆಟ್ಟಿಗೆ.

ಆ ದಿನಗಳಲ್ಲಿ ನನಗೆ ಯಾರೂ ಹೇಳಿರದಿದ್ದ ಒಂದು ಸಂಗತಿ ಆಮೇಲೆ ಓದಿ ತಿಳಿಯಿತು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ತಂಡ 2014ರಲ್ಲಿ ಕಂಡುಕೊಂಡದ್ದು: ಕೋಣೆಯಲ್ಲಿ ಗಂಡಸು ಇದ್ದರೆ ಇಲಿಗಳು ನೋವನ್ನು ಕಡಿಮೆ ತೋರಿಸುತ್ತವೆ. ಗಂಡಸು ಹಾಕಿ ಬಿಚ್ಚಿದ ಅಂಗಿ ಹತ್ತಿರ ಇಟ್ಟರೂ ಸಾಕು. ವಾಸನೆಗೆ ಹೆದರಿಕೆ ಹುಟ್ಟಿ, ಆ ಹೆದರಿಕೆ ನೋವನ್ನು ಮುಚ್ಚುತ್ತದೆ. ನಾನು ಒಂದು ಮೊಳ ದೂರದಲ್ಲಿ, ಬೆವರಿದ ಅಂಗಿಯಲ್ಲಿ ಕೂತು ಎಣಿಸಿದ್ದೆ. ನನ್ನ ಪುಸ್ತಕದ ಅಂಕಿಗಳಲ್ಲಿ ಎಷ್ಟು ನೋವು, ಎಷ್ಟು ಭಯ? ಅದೇ ತಂಡ ಇಲಿಯ ಮುಖದಲ್ಲಿ ನೋವನ್ನು ಓದುವ ಕ್ರಮವನ್ನೂ ಕಲಿಸಿದೆ: ಕಣ್ಣು ಕಿರಿದಾಗುತ್ತದೆ, ಮೂಗು ಕೆನ್ನೆ ಚಪ್ಪಟೆಯಾಗುತ್ತವೆ, ಕಿವಿ ಮಡಚಿಕೊಳ್ಳುತ್ತದೆ, ಮೀಸೆ ಬಿಗಿಯುತ್ತದೆ. ನಾನು ಕಾಲು ಮಾತ್ರ ನೋಡಿದ್ದೆ. ಮುಖ ನೋಡಿರಲಿಲ್ಲ.

ನೋವಿನ ಸಂಶೋಧಕರಿಗೆಂದು 1983ರಲ್ಲಿ ಮ್ಯಾನ್‌ಫ್ರೆಡ್ ಝಿಮ್ಮರ್‌ಮನ್ ಬರೆದ ನೀತಿಸೂತ್ರಗಳಲ್ಲಿ ಒಂದು ಮಾತಿದೆ. ಪ್ರಾಣಿಗೆ ಕೊಡುವ ನೋವನ್ನು ಸಾಧ್ಯವಾದಲ್ಲಿ ಸಂಶೋಧಕ ಮೊದಲು ತನ್ನ ಮೇಲೆ ಪ್ರಯೋಗಿಸಿಕೊಳ್ಳಬೇಕು ಎಂಬುದು ಅದರ ಸಾರ. ನಮ್ಮ ದೇಶದಲ್ಲೂ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ 1960ರಿಂದ ಇದೆ. ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿ ಇದೆ, 1998ರ ನಿಯಮಗಳಿವೆ. ಒಂದು ಇಲಿ ಬೇಕೆಂದರೂ ಏಕೆ ಬೇಕು, ಎಷ್ಟು ಬೇಕು, ಬೇರೆ ದಾರಿ ಇಲ್ಲವೇ ಎಂದು ಬರೆದು ಒಪ್ಪಿಗೆ ಪಡೆಯಬೇಕು. ಆ ಅರ್ಜಿಯ ಪ್ರತಿ ಸಾಲನ್ನೂ ಮನಸ್ಸಿಟ್ಟು ತುಂಬಬೇಕೆಂದು ನಾನು ಇವತ್ತು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಉತ್ತರ ಆಗಲೇ ಗೊತ್ತಿರುವ ಪ್ರಶ್ನೆಯನ್ನು ಪಾಸಾಗುವುದಕ್ಕೆಂದು ಇನ್ನೊಂದು ಇಲಿಗೆ ಕೇಳಬಾರದು. ಗಂಟೆ ತುಂಬಿದ ಮೇಲೆ ಆ ಇಲಿ ಪಂಜರಕ್ಕೆ ವಾಪಸು ಹೋಗುವುದಿಲ್ಲ.

ಅಮ್ಮನ ನೋವು ಪೂರ್ತಿ ಹೋಗಲಿಲ್ಲ. ಎರಡು ತಿಂಗಳಿಗೆ ನಿದ್ದೆ ಬರತೊಡಗಿತು, ಉರಿ ಅರ್ಧಕ್ಕೆ ಇಳಿಯಿತು. ಮೆತ್ತನೆಯ ಹತ್ತಿ ಸೀರೆ ಮಾತ್ರ ಉಡುತ್ತಾರೆ. ಒಂದು ಸಂಜೆ ಅವರ ಪಕ್ಕದಲ್ಲಿ ಕೂತು, ಇಲಿಯ ಎರಡು ಕಾಲಿನ ಪ್ರಯೋಗವನ್ನು ವಿವರಿಸಿ ಹೇಳಿದೆ. ಈಚೆ ಕಾಲಿಗೆ ಕೊಟ್ಟರೆ ಕಡಿಮೆಯಾಯಿತು, ಆಚೆ ಕಾಲಿಗೆ ಕೊಟ್ಟರೆ ಆಗಲಿಲ್ಲ, ಮದ್ದು ಕೆಲಸ ಮಾಡಿದ್ದು ನೋಯುವ ಜಾಗದಲ್ಲೇ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಆ ಇಲಿಗೆ ತುಂಬಾ ನೋವಾಯ್ತೇನೋ?"

ಹೌದು ಅಮ್ಮ, ಎಂದೆ.

ಓದುವವರಲ್ಲಿ ಎರಡು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ನೋವಿಗೆಂದು ಈ ಮಾತ್ರೆ ಬರೆದಿದ್ದರೆ, ಹೆಸರು ನೋಡಿ ನಾಚಿಕೆಪಟ್ಟು ನಿಲ್ಲಿಸಬೇಡಿ. ಬಾಯಿ ಒಣಗಿದರೆ, ತಲೆ ಸುತ್ತಿದರೆ, ಬರೆದ ಡಾಕ್ಟರಿಗೇ ಹೋಗಿ ಹೇಳಿ. ಮತ್ತೆ, ಹಚ್ಚಿದರೂ ಕೆಲಸ ಮಾಡುತ್ತದಂತೆ ಎಂದು ಮಾತ್ರೆ ಪುಡಿ ಮಾಡಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ನೋಯುವ ಜಾಗಕ್ಕೆ ಬಳಿಯಬೇಡಿ. ಪ್ರಮಾಣ ಏರಿದರೆ ನರ ಏನಾಗುತ್ತದೆ ಎಂಬುದನ್ನು ಇಲಿಯ ತೊಡೆಯಲ್ಲಿ ನೋಡಿ ಆಗಿದೆ.